ಸಂಜ್ಞಾ ಭಾಷೆಗೆ ಎಂಟನೇ ಅನುಸೂಚಿ ಮೊದಲೋ, ತಾಲ್ಲೂಕಿಗೊಬ್ಬ ದುಭಾಷಿ ಮೊದಲೋ?

ಫಿಲೇಚರ್ ಅಪ್ಪ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಸಣ್ಣ ಫಿಲೇಚರ್ ಒಂದು ನಮಗಿದೆ. ಮನೆಯಲ್ಲಿ ತೆಲುಗು ಮಾತನಾಡುತ್ತೇವೆ, ಗೂಡಿನ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ನನ್ನ ಮಗಳಿಗೆ ಈಗ ಹತ್ತೊಂಬತ್ತು ವರ್ಷ. ಹುಟ್ಟಿದಾಗಿನಿಂದಲೂ ಅವಳಿಗೆ ಕಿವಿ ಕೇಳಿಸುವುದಿಲ್ಲ. ಒಂಬತ್ತು ವರ್ಷವಾಗುವವರೆಗೆ ಅವಳಿಗೂ ನಮಗೂ ನಡುವೆ ಇದ್ದದ್ದು ಊಟ, ನೀರು, ನಿದ್ದೆ, ಬೇಡ ಎಂಬಂಥ ಕೆಲವು ಮನೆಸನ್ನೆಗಳು ಮಾತ್ರ. ಆಮೇಲೆ ಬೆಂಗಳೂರಿನ ಒಂದು ವಸತಿ ಶಾಲೆಗೆ ಸೇರಿಸಿದೆವು. ಅಲ್ಲಿ ಹಾಸ್ಟೆಲಿನ ದೊಡ್ಡ ಹುಡುಗಿಯರಿಂದ ಅವಳು ಭಾರತೀಯ ಸಂಜ್ಞಾ ಭಾಷೆಯನ್ನು ಕಲಿತಳು. ರಜೆಗೆ ಬಂದಾಗ ಅವಳ ಕೈಗಳು ಓಡುವ ವೇಗಕ್ಕೆ ನಮಗೆ ಒಂದೂ ಹಿಡಿಯುತ್ತಿರಲಿಲ್ಲ. ನಾವೂ ಕಲಿಯೋಣ ಎಂದುಕೊಳ್ಳುತ್ತಲೇ ಗೂಡಿನ ಬೆಲೆ, ಕೆಲಸದವರು, ಸಾಲ ಎಂದು ಹತ್ತು ವರ್ಷ ಕಳೆದುಬಿಟ್ಟೆವು.

ಎರಡು ತಿಂಗಳ ಹಿಂದೆ ಅವಳಿಗೆ ಹೊಟ್ಟೆನೋವು ಬಂತು. ನಮ್ಮ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಅವಳ ಮುಖವನ್ನೂ ನೋಡದೆ ಎಲ್ಲವನ್ನೂ ನನ್ನನ್ನೇ ಕೇಳಿದರು. ಎಷ್ಟು ದಿನದಿಂದ ನೋವು ಎಂದಾಗ ಅವಳು ತೋರಿಸಿದ್ದನ್ನು ನೋಡಿ ನಾನು ‘ಮೂರು ದಿನ’ ಎಂದೆ. ಅವಳು ಹೇಳಿದ್ದು ಮೂರು ವಾರ. ಮೂರು ದಿನದ ನೋವಿಗೆ ಕೊಡುವ ಮಾತ್ರೆ ತೆಗೆದುಕೊಂಡು ಮನೆಗೆ ಬಂದೆವು. ಎಂಟನೇ ದಿನ ಅವಳನ್ನು ಬೇರೆ ಕಡೆ ದಾಖಲಿಸಬೇಕಾಯಿತು. ಈಗ ಗುಣವಾಗಿದ್ದಾಳೆ.

ಈಗ ನನ್ನ ಪ್ರಶ್ನೆ. ಸೆಪ್ಟೆಂಬರ್ 23 ಸಂಜ್ಞಾ ಭಾಷೆಗಳ ಅಂತರರಾಷ್ಟ್ರೀಯ ದಿನ. ಭಾರತೀಯ ಸಂಜ್ಞಾ ಭಾಷೆಯನ್ನು ಸಂವಿಧಾನದ ಎಂಟನೇ ಅನುಸೂಚಿಗೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ, ಸೇರಿಸಬೇಕೆಂದು ದೇಶದ ಕಿವುಡರು ಬಹಳ ಕಾಲದಿಂದ ಕೇಳುತ್ತಿದ್ದಾರೆ. ಮಗಳೂ ಅವಳ ಗೆಳತಿಯರೂ ಆ ದಿನ ಜಿಲ್ಲಾಧಿಕಾರಿಗಳಿಗೆ ಅದೇ ಬೇಡಿಕೆಯ ಮನವಿ ಕೊಡುತ್ತೇವೆ ಎನ್ನುತ್ತಿದ್ದಾರೆ. ದೆಹಲಿಯಲ್ಲಿ ಆಗಬೇಕಾದ ಕೆಲಸವನ್ನು ಚಿಕ್ಕಬಳ್ಳಾಪುರದಲ್ಲಿ ಕೇಳಿ ಏನು ಪ್ರಯೋಜನ, ಮೊದಲು ಆಸ್ಪತ್ರೆಗೊಬ್ಬ ದುಭಾಷಿಯನ್ನು ಕೇಳಿ ಎಂಬುದು ನನ್ನ ಮಾತು. ಅವಳು ಒಪ್ಪುತ್ತಿಲ್ಲ. ಬಲ್ಲವರು ನಿಮ್ಮ ಅಭಿಪ್ರಾಯ ತಿಳಿಸಿ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ನಿಮ್ಮ ಮಾತೇ ಸರಿ ಸ್ವಾಮಿ. ಎಂಟನೇ ಅನುಸೂಚಿಯಲ್ಲಿ ಈಗ 22 ಭಾಷೆಗಳಿವೆ. ತುಳುವಿನವರೂ ಕೊಡವ ಭಾಷೆಯವರೂ ಎಷ್ಟು ಕಾಲದಿಂದ ಬಾಗಿಲಲ್ಲಿ ನಿಂತಿದ್ದಾರೆ ಎಂಬುದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಲಿಪಿ, ಸಾಹಿತ್ಯ, ಶಾಸಕರು, ಸಂಸದರು ಎಲ್ಲ ಇರುವ ಭಾಷೆಗಳೇ ಕಾಯುತ್ತಿರುವಾಗ ಸಂಜ್ಞಾ ಭಾಷೆಯ ಸರದಿ ಯಾವಾಗ ಬಂದೀತು? ಅಷ್ಟರಲ್ಲಿ ಎಷ್ಟು ಮಕ್ಕಳ ಹೊಟ್ಟೆನೋವು ಮೂರು ದಿನದ್ದಾಗಿಬಿಡುತ್ತದೆ?

ಗಡಿನಾಡು, ಗುಡಿಬಂಡೆ

ಮೇಷ್ಟ್ರ ಮಾತಿಗೆ ನನ್ನ ಸಹಮತವಿದೆ. ಕೈಗೆ ಎಟಕುವುದನ್ನು ಮೊದಲು ಕೇಳಬೇಕು.

ಕೈಮಾತು, ನರಸಾಪುರ

ನಾನು ಕಿವುಡ. ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತೇನೆ. ಕನ್ನಡವನ್ನು ನಾನು ಕಿವಿಯಿಂದ ಕಲಿತವನಲ್ಲ, ಪುಟದಿಂದ ಕಲಿತವನು. ಇಲ್ಲಿ ನಡೆಯುತ್ತಿರುವ ಮಾತಿನಲ್ಲಿ ಒಂದು ಗಂಟು ಇದೆ, ಅದನ್ನು ಬಿಡಿಸಲು ಪ್ರಯತ್ನಿಸುತ್ತೇನೆ.

ದುಭಾಷಿ ಬೇಕು ಎನ್ನುತ್ತೀರಿ. ಆ ದುಭಾಷಿ ಎಲ್ಲಿಂದ ಬರುತ್ತಾರೆ? ಹುದ್ದೆ ಮಂಜೂರಾಗಬೇಕು. ಆ ಹುದ್ದೆಗೆ ತರಬೇತಿ ಪಡೆದವರು ಸಿಗಬೇಕು. ದೇಶದಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಆರಂಭವಾದದ್ದೇ 2015ರಲ್ಲಿ. ಅಲ್ಲಿ ಮತ್ತು ಬೇರೆ ಕೆಲವು ಸಂಸ್ಥೆಗಳಲ್ಲಿ ದುಭಾಷಿಗಳಿಗೆ ಎರಡು ವರ್ಷದ ಡಿಪ್ಲೊಮಾ ಇದೆ. ಪ್ರತಿ ವರ್ಷ ಹೊರಬರುವವರು ಬಹಳ ಕಡಿಮೆ. ಇವರಲ್ಲಿ ಶಿಡ್ಲಘಟ್ಟಕ್ಕೆ ಬರುವವರು ಯಾರು? ಶಾಲೆಯಲ್ಲಿ ಕಲಿಸದ, ಹುದ್ದೆ ಕೊಡದ ಭಾಷೆಯನ್ನು ಕಿವಿ ಕೇಳುವ ಯುವಕನೊಬ್ಬ ಎರಡು ವರ್ಷ ಏಕೆ ಕಲಿತಾನು? ಆದ್ದರಿಂದ ಭಾಷೆಗೆ ಮಾನ್ಯತೆ ಸಿಗುವುದೂ ದುಭಾಷಿ ಸಿಗುವುದೂ ಬೇರೆ ಬೇರೆ ಸಾಲುಗಳಲ್ಲ.

ಇನ್ನೊಂದು ಮಾತು. ನಾನು ಓದಿದ ಶಾಲೆಯಲ್ಲಿ ಏಳನೇ ತರಗತಿಯವರೆಗೂ ಕೈ ಎತ್ತಿದರೆ ಬೆತ್ತದ ಏಟು ಬೀಳುತ್ತಿತ್ತು. ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು, ಗಂಟಲಿನಿಂದ ಸದ್ದು ಹೊರಡಿಸಬೇಕು ಎಂಬುದೇ ಪಾಠವಾಗಿತ್ತು. ‘ಪ’, ‘ಬ’, ‘ಮ’ ಮೂರೂ ತುಟಿಯ ಮೇಲೆ ಒಂದೇ ತೆರನಾಗಿ ಕಾಣುತ್ತವೆ; ‘ಪಾಲು’, ‘ಬಾಲು’, ‘ಮಾಲು’ ಎಂದು ಕನ್ನಡಿಯ ಮುಂದೆ ಹೇಳಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಈ ಪದ್ಧತಿ ಎಲ್ಲೆಡೆ ಬೇರೂರಲು ದೊಡ್ಡ ಕಾರಣ 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಕಿವುಡರ ಶಿಕ್ಷಕರ ಸಮ್ಮೇಳನ. ಸಂಜ್ಞೆಗಿಂತ ಬಾಯಿಮಾತೇ ಶ್ರೇಷ್ಠವೆಂದು ಅಲ್ಲಿ ನಿರ್ಣಯ ಮಾಡಿದರು. ಹಾಗೆ ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರು. ಆ ಒಂದು ನಿರ್ಣಯ ನೂರು ವರ್ಷ ದಾಟಿ ಕೋಲಾರದ ಒಬ್ಬ ಹುಡುಗನ ಬೆರಳ ಗೆಣ್ಣಿನವರೆಗೂ ಬಂದು ಮುಟ್ಟಿತು. ಹಾಗಾಗಿ ‘ಇದು ಭಾಷೆ’ ಎಂದು ದೇಶ ಬರೆದುಕೊಡಲಿ ಎಂದು ನಾವು ಕೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಬರಿಯ ಹುದ್ದೆಯ ಲೆಕ್ಕವಲ್ಲ.

ಕಪ್ಪುಕೋಟು, ಚಿಂತಾಮಣಿ

ನಾನು ವಕೀಲೆ. ಎರಡೂ ಕಡೆಯವರು ಹೇಳಿದ್ದರಲ್ಲಿ ಸ್ವಲ್ಪ ತಿದ್ದುಪಡಿ ಆಗಬೇಕಿದೆ.

ಆಸ್ಪತ್ರೆಯಲ್ಲಿ ದುಭಾಷಿಯನ್ನು ಕೇಳಲು ಎಂಟನೇ ಅನುಸೂಚಿಗಾಗಿ ಕಾಯಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂಬ ಪದದ ವ್ಯಾಖ್ಯೆಯಲ್ಲೇ ಸಂಜ್ಞೆಗಳನ್ನು ಸೇರಿಸಿಕೊಂಡಿದೆ. 25ನೇ ಕಲಂ ಸರ್ಕಾರಿ ಆಸ್ಪತ್ರೆ ಮತ್ತು ಖಾಸಗಿ ಆಸ್ಪತ್ರೆ ಎರಡರಲ್ಲೂ ಅಡೆತಡೆಯಿಲ್ಲದ ಸೇವೆ ಸಿಗಬೇಕೆನ್ನುತ್ತದೆ. ಕಿವುಡನಿಗೆ ಅಡೆತಡೆ ಎಂದರೆ ಮೆಟ್ಟಿಲಲ್ಲ, ಮಾತು. 12ನೇ ಕಲಂ ನ್ಯಾಯಾಲಯಗಳ ವಿಷಯ ಹೇಳುತ್ತದೆ, 42ನೇ ಕಲಂ ಮಾಹಿತಿ ಮತ್ತು ಸಂವಹನದ ವಿಷಯ ಹೇಳುತ್ತದೆ. ಇವು ಪಾಲನೆಯಾಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಆಯುಕ್ತರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಏನು ಕ್ರಮ ಕೈಗೊಂಡಿತೆಂದು ತಿಳಿಸಬೇಕು. ಈ ದಾರಿ ಇಂದೇ ತೆರೆದಿದೆ, ಆದರೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಇದರಲ್ಲಿ ನಡೆದವರು ಬಹಳ ಕಡಿಮೆ.

ಎಂಟನೇ ಅನುಸೂಚಿಯಿಂದ ತಾನಾಗಿಯೇ ಶಾಲೆಯೂ ಬರುವುದಿಲ್ಲ, ಹುದ್ದೆಯೂ ಬರುವುದಿಲ್ಲ. ಸಂವಿಧಾನದ 344 ಮತ್ತು 351ನೇ ವಿಧಿಗಳು ಆ ಪಟ್ಟಿಯನ್ನು ಬಳಸುವುದು ಬೇರೆ ಉದ್ದೇಶಕ್ಕೆ. ಆದರೂ ಪಟ್ಟಿಗೆ ಸೇರಿದ ಭಾಷೆಗೆ ಸಿಗುವ ಗೌರವ ಮತ್ತು ಅನುದಾನವನ್ನು ಅಲ್ಲಗಳೆಯಲಾಗದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹತ್ತಿರದ ವಿಧಿ 350ಎ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಕಿವುಡ ಮಕ್ಕಳನ್ನು ಭಾಷಾ ಅಲ್ಪಸಂಖ್ಯಾತರೆಂದು ಏಕೆ ಎಣಿಸಬಾರದು?

ಬದಲಾವಣೆ ಆಗುವುದೇ ಇಲ್ಲವೆಂದು ತಿಳಿಯಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಸಾರಾ ಸನ್ನಿ ಎಂಬ ಕಿವುಡ ವಕೀಲೆ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನಲ್ಲಿ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅವರ ವಾದವನ್ನು ಸಂಜ್ಞಾ ಭಾಷೆಯಲ್ಲೇ ಆಲಿಸಿತು. ಅವರು ಕಾನೂನು ಓದಿದ್ದು ಬೆಂಗಳೂರಿನಲ್ಲಿ.

ಮಾವಿನತೋಪು, ಶ್ರೀನಿವಾಸಪುರ

ಎಲ್ಲರ ಮೇಲೂ ಗೌರವವಿಟ್ಟುಕೊಂಡೇ ಕೇಳುತ್ತೇನೆ. ಇಷ್ಟು ಸಣ್ಣ ಸಂಖ್ಯೆಯ ಜನರಿಗಾಗಿ ಪ್ರತಿ ಆಸ್ಪತ್ರೆ, ಪ್ರತಿ ಠಾಣೆ, ಪ್ರತಿ ಕಚೇರಿಗೆ ದುಭಾಷಿಯನ್ನು ನೇಮಿಸಲು ಸರ್ಕಾರದಿಂದ ಸಾಧ್ಯವೇ? ನಮ್ಮ ಊರಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರೇ ಇಲ್ಲ.

ಕೈಮಾತು, ನರಸಾಪುರ

2011ರ ಜನಗಣತಿಯಲ್ಲಿ ಶ್ರವಣದೋಷ ಇರುವವರೆಂದು ದಾಖಲಾದವರೇ 50 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಲ್ಲರಿಗೂ ಸಂಜ್ಞಾ ಭಾಷೆ ಬರುವುದಿಲ್ಲ ಎಂಬುದನ್ನು ನಾನೇ ಮೊದಲು ಒಪ್ಪುತ್ತೇನೆ, ಏಕೆಂದರೆ ಅವರಿಗೆ ಯಾರೂ ಕಲಿಸಲಿಲ್ಲ. ಅದೇ ಜನಗಣತಿಯಲ್ಲಿ ಸಂಸ್ಕೃತವನ್ನು ಮಾತೃಭಾಷೆ ಎಂದು ಬರೆಸಿದವರು 24,821 ಜನ. ಸಂಸ್ಕೃತಕ್ಕೆ ಅನುಸೂಚಿಯಲ್ಲಿ ಸ್ಥಾನವಿದೆ, ಇರಲೇಬೇಕು. ಸಂಖ್ಯೆಯೇ ಅಳತೆಯಲ್ಲ ಎಂಬುದನ್ನು ದೇಶ ಆಗಲೇ ಒಪ್ಪಿದೆ ಎಂದಷ್ಟೇ ನನ್ನ ವಾದ. ದಕ್ಷಿಣ ಆಫ್ರಿಕಾ 2023ರಲ್ಲಿ ತನ್ನ ಸಂಜ್ಞಾ ಭಾಷೆಯನ್ನು ಹನ್ನೆರಡನೇ ಅಧಿಕೃತ ಭಾಷೆಯನ್ನಾಗಿ ಮಾಡಿಕೊಂಡಿತು.

ಪ್ರತಿ ಕಚೇರಿಯಲ್ಲೂ ದುಭಾಷಿ ಕುಳಿತಿರಬೇಕೆಂದು ಯಾರೂ ಕೇಳುತ್ತಿಲ್ಲ. ಜಿಲ್ಲೆಗೆ ಕೆಲವರಿದ್ದು ವಿಡಿಯೊ ಕರೆಯ ಮೂಲಕ ಎಲ್ಲ ತಾಲ್ಲೂಕಿಗೂ ಸಿಗುವಂತೆ ಮಾಡಬಹುದು. ಲೆಕ್ಕದ ಮೇಷ್ಟ್ರು ಬೇಕೆಂಬುದು ನಮ್ಮ ಬೇಡಿಕೆಯೂ ಹೌದು. ಅವರು ನಮಗೆ ಅರ್ಥವಾಗುವ ಭಾಷೆಯಲ್ಲಿ ಲೆಕ್ಕ ಹೇಳಲಿ ಎಂಬುದಷ್ಟೇ ಹೆಚ್ಚಿನದು.

ಶ್ರವಣತಜ್ಞೆ, ತುಮಕೂರು

ಕಿವುಡುತನವನ್ನು ಬೇಗ ಪತ್ತೆಹಚ್ಚುವ ವಿಷಯ ಇಲ್ಲಿ ಬರದಿರುವುದರಿಂದ ಬರೆಯುತ್ತಿದ್ದೇನೆ. ಮಗು ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ನಿಖರ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣಸಾಧನ ಅಥವಾ ಸೂಕ್ತ ತರಬೇತಿ ಆರಂಭವಾಗಬೇಕು ಎಂಬುದು ನಮ್ಮ ವೃತ್ತಿಯ ನಿಯಮ. ಆದರೆ ಪಾವಗಡ, ಮಧುಗಿರಿ ಕಡೆಯ ಹಳ್ಳಿಗಳಿಂದ ನನ್ನ ಬಳಿ ಬರುವ ಮಕ್ಕಳಿಗೆ ಮೂರು, ನಾಲ್ಕು ವರ್ಷ ತುಂಬಿರುತ್ತದೆ. ‘ಗಂಡುಮಕ್ಕಳಿಗೆ ಮಾತು ತಡ’, ‘ಅವರ ತಾತನೂ ಹೀಗೇ ತಡವಾಗಿ ಮಾತು ಕಲಿತರು’ ಎಂದು ಮನೆಯ ಹಿರಿಯರು ತಡೆದಿರುತ್ತಾರೆ. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಆದರೂ ಹಳ್ಳಿಯ ತಾಯಿಗೆ ಅಲ್ಲಿಗೆ ಹೋಗಬೇಕೆಂದು ಹೇಳುವವರಿಲ್ಲ. ಕೇಳಲು ನೆರವಾಗುವ ಸಾಧನವನ್ನು ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಕೇಂದ್ರದ ನೆರವಿನ ಯೋಜನೆಯೂ ಇದೆ. ಬೇಗ ಬಂದರೆ ಎಷ್ಟೋ ಮಕ್ಕಳು ಮಾತು ಕಲಿಯುತ್ತಾರೆ. ಸಂಜ್ಞಾ ಭಾಷೆಯ ಹೋರಾಟದಲ್ಲಿ ಈ ಮಾತು ಮರೆಯಾಗಬಾರದು.

ಕೈಮಾತು, ನರಸಾಪುರ

ಮೇಡಂ, ಬೇಗ ಪತ್ತೆಹಚ್ಚಬೇಕು ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಪತ್ತೆಯಾದ ಮೇಲೆ ತಾಯಿಗೆ ಏನು ಹೇಳುತ್ತಾರೆ ಎಂಬಲ್ಲಿ ನಮ್ಮ ಜಗಳವಿದೆ. ‘ಸನ್ನೆ ಮಾಡಬೇಡಿ, ಮಾಡಿದರೆ ಮಗು ಮಾತು ಕಲಿಯುವುದಿಲ್ಲ’ ಎಂದು ಹೇಳಿ ಕಳುಹಿಸುತ್ತಾರೆ. ಸಾಧನದಿಂದ ಮಾತು ಬಂದರೆ ಸರಿ, ಬಾರದಿದ್ದರೆ? ಐದು ವರ್ಷ ಯಾವ ಭಾಷೆಯೂ ಇಲ್ಲದೆ ಬೆಳೆದ ಮಗುವಿನ ನಷ್ಟವನ್ನು ಆಮೇಲೆ ಯಾವ ಯೋಜನೆ ತುಂಬಿಕೊಡುತ್ತದೆ?

ತೆಂಗಿನಸೀಮೆ, ತಿಪಟೂರು

ನಾನು ಆ ಮಾತನ್ನು ಕೇಳಿಸಿಕೊಂಡು ಬಂದ ತಾಯಿ. ಮಗನಿಗೆ ನಾಲ್ಕನೇ ವಯಸ್ಸಿನಲ್ಲಿ ಇಂಪ್ಲಾಂಟ್ ಆಯಿತು. ಅದಕ್ಕೂ ಮುಂಚೆ ಅವನೂ ನಾನೂ ಸನ್ನೆಯಲ್ಲೇ ಎಷ್ಟೋ ಮಾತಾಡಿಕೊಳ್ಳುತ್ತಿದ್ದೆವು. ಕೊಬ್ಬರಿ ಒಣಗಿಸುವಾಗ ಕಾಗೆ ಬಂದರೆ ಓಡಿಬಂದು ರೆಕ್ಕೆ ಬಡಿದು ತೋರಿಸುತ್ತಿದ್ದ. ಶಸ್ತ್ರಚಿಕಿತ್ಸೆಯ ನಂತರ ಸನ್ನೆ ಪೂರ್ತಿ ನಿಲ್ಲಿಸಬೇಕೆಂದರು. ನಿಲ್ಲಿಸಿದೆ. ಅವನು ಸನ್ನೆ ಮಾಡಿದಾಗ ಅರ್ಥವಾಗದವಳಂತೆ ಮುಖ ತಿರುಗಿಸಿಕೊಂಡೆ. ಮಾತು ಸ್ವಲ್ಪ ಬಂತು, ಸುಳ್ಳು ಹೇಳುವುದಿಲ್ಲ; ಅಮ್ಮ ಎಂದು ಕರೆಯುತ್ತಾನೆ. ಆದರೆ ಒಮ್ಮೆ ಹೊರಗಿನ ಯಂತ್ರದ ವೈರು ಕಿತ್ತುಹೋಗಿ ಬಿಡಿಭಾಗಕ್ಕಾಗಿ ಮೂರು ತಿಂಗಳು ಕಾದೆವು. ಆ ಮೂರು ತಿಂಗಳು ಅವನಿಗೆ ಸದ್ದೂ ಇರಲಿಲ್ಲ, ಸನ್ನೆಯೂ ಇರಲಿಲ್ಲ. ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದ. ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನನಗೆ ಯಾರೂ ಹೇಳಬಾರದಿತ್ತು.

ಶ್ರವಣತಜ್ಞೆ, ತುಮಕೂರು

ಅಮ್ಮಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನೂ ವೃತ್ತಿಯ ಆರಂಭದಲ್ಲಿ ಕೆಲವು ತಾಯಂದಿರಿಗೆ ಹಾಗೆಯೇ ಹೇಳಿದ್ದೇನೆ. ಈಗ ಹೇಳುವುದಿಲ್ಲ. ಬಾಯಿಮಾತಿನದಾಗಲಿ ಕೈಮಾತಿನದಾಗಲಿ, ಒಂದು ಪೂರ್ಣ ಭಾಷೆ ಮಗುವಿಗೆ ಮೊದಲ ವರ್ಷಗಳಲ್ಲೇ ಸಿಗಬೇಕೆಂಬುದನ್ನು ಒಪ್ಪುತ್ತೇನೆ.

ಬೆಳಗಿನ ರೈಲು, ಬಂಗಾರಪೇಟೆ

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಬೇಕೆನಿಸಿತು. ನಾನು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವನು. ನಮ್ಮ ಬೋಗಿಯಲ್ಲಿ ಇಬ್ಬರು ಕಿವುಡ ಸ್ನೇಹಿತರಿದ್ದಾರೆ. ಪ್ಲಾಟ್‌ಫಾರಂ ಬದಲಾದದ್ದನ್ನು ಮೈಕಿನಲ್ಲಿ ಕೂಗಿದಾಗ ನಾವೆಲ್ಲ ಮೇಲ್ಸೇತುವೆ ಹತ್ತಿ ಓಡುತ್ತೇವೆ, ಅವರು ಖಾಲಿ ಹಳಿಯನ್ನು ನೋಡುತ್ತಾ ನಿಂತಿರುತ್ತಾರೆ. ಈಗ ನಮ್ಮಲ್ಲೊಬ್ಬರು ಅವರ ಭುಜ ತಟ್ಟುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಫಲಕದಲ್ಲಿ ಬರಹ ಮೂಡಿಸಿದ ಮೇಲೆಯೇ ಮೈಕಿನಲ್ಲಿ ಕೂಗಬೇಕು ಎಂಬ ಒಂದು ನಿಯಮ ಸಾಕು.

ಇನ್ನೊಂದು ಅನ್ಯಾಯವನ್ನು ಅವರೇ ಬರೆದು ತೋರಿಸಿದರು. ರೈಲಿನ ಶೇ 50 ರಿಯಾಯಿತಿ ಸಿಗುವುದು ಕಿವುಡುತನ ಮತ್ತು ಮೂಕತನ ಎರಡೂ ಒಬ್ಬರಲ್ಲೇ ಇದ್ದರೆ ಮಾತ್ರವಂತೆ. ಕಷ್ಟಪಟ್ಟು ನಾಲ್ಕು ಮಾತು ಕಲಿತವನಿಗೆ ಆ ರಿಯಾಯಿತಿ ತಪ್ಪುತ್ತದೆ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ಆ ‘ಮೂಕ’, ‘ಮೂಗ’ ಎಂಬ ಪದಗಳನ್ನು ಇನ್ನೂ ಅರ್ಜಿಗಳಲ್ಲಿ ಏಕೆ ಉಳಿಸಿಕೊಂಡಿದ್ದಾರೆ? ‘ಕಿವುಡ’ ಎನ್ನುವುದೂ ಒರಟಾಗಿ ಕೇಳಿಸುತ್ತದೆ. ‘ಶ್ರವಣದೋಷವುಳ್ಳವರು’ ಎಂದೇ ನಾವೆಲ್ಲ ಬರೆಯುವುದು ಲೇಸು.

ಕೈಮಾತು, ನರಸಾಪುರ

ಮೇಷ್ಟ್ರೇ, ‘ಮೂಗ’ ಬೇಡ ಎಂಬುದು ನಿಜ, ಏಕೆಂದರೆ ನಮಗೆ ಭಾಷೆ ಇದೆ. ‘ಕಿವುಡ’ ಎಂಬುದನ್ನು ಮಾತ್ರ ನಮ್ಮಿಂದ ಕಿತ್ತುಕೊಳ್ಳಬೇಡಿ. ಅದು ಹಳೆಯ ಕನ್ನಡ ಪದ, ನಮ್ಮ ಗುರುತು. ‘ದೋಷವುಳ್ಳವರು’ ಎಂದರೆ ರಿಪೇರಿಗೆ ಬಂದ ಯಂತ್ರದಂತೆ ಆಗುತ್ತದೆ. ಬೈಗುಳವಾಗಿ ಬಳಸುವವರು ಆ ಬಳಕೆಯನ್ನು ಬಿಡಲಿ, ಪದ ಏನು ತಪ್ಪು ಮಾಡಿದೆ?

ಗಡಿನಾಡು, ಗುಡಿಬಂಡೆ

ತಿಳಿಯದೆ ಕೇಳುತ್ತಿದ್ದೇನೆ: ಕಿವುಡರಿಗೆ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆಯೇ? ನಮ್ಮೂರಿನ ಹುಡುಗನಿಗೆ ಸಿಗುವುದಿಲ್ಲವೆಂದು ಏಜೆಂಟ್ ಒಬ್ಬರು ಹೇಳಿ ಕಳುಹಿಸಿದ್ದಾರೆ.

ಕಪ್ಪುಕೋಟು, ಚಿಂತಾಮಣಿ

ಸಿಗುತ್ತದೆ. ರಾಷ್ಟ್ರೀಯ ಕಿವುಡರ ಸಂಘ ಹೂಡಿದ ಮೊಕದ್ದಮೆಯಲ್ಲಿ, ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಿವುಡರಿಗೆ ಲೈಸೆನ್ಸ್ ನಿರಾಕರಿಸುವಂತಿಲ್ಲವೆಂದು ದೆಹಲಿ ಹೈಕೋರ್ಟ್ 2011ರಲ್ಲೇ ಹೇಳಿದೆ. ಆ ಹುಡುಗನನ್ನು ಏಜೆಂಟರ ಮೂಲಕವಲ್ಲದೆ ನೇರವಾಗಿ ಅರ್ಜಿ ಹಾಕಲು ಹೇಳಿ. ಒಂದು ರಾಷ್ಟ್ರೀಯ ಸಂಘ ದೆಹಲಿಯಲ್ಲಿ ಮಾಡಿದ ಹೋರಾಟ ಗುಡಿಬಂಡೆಯ ಹುಡುಗನಿಗೆ ಹೇಗೆ ಬಂದು ತಲುಪುತ್ತದೆ ಎಂಬುದಕ್ಕೂ ಇದು ಉತ್ತರ, ಶಿಡ್ಲಘಟ್ಟದ ಅಣ್ಣನವರೇ.

ಮಾವಿನತೋಪು, ಶ್ರೀನಿವಾಸಪುರ

ನನಗೆ ಇನ್ನೊಂದು ಅನುಮಾನವಿದೆ. ಈ ‘ಭಾರತೀಯ’ ಸಂಜ್ಞಾ ಭಾಷೆ ಎಂದರೆ ಯಾರ ಸಂಜ್ಞೆ? ದೆಹಲಿಯಲ್ಲಿ ಕುಳಿತು ರೂಪಿಸಿದ್ದನ್ನು ನಮ್ಮ ಮಕ್ಕಳ ಮೇಲೆ ಹೇರಿದಂತಾಗುವುದಿಲ್ಲವೇ? ಕನ್ನಡಕ್ಕೆ ತಕ್ಕ ಸನ್ನೆಯನ್ನು ನಾವೇ ಮಾಡಿಕೊಳ್ಳಬಾರದೇ?

ಕೈಮಾತು, ನರಸಾಪುರ

ಹೇರಿಕೆಯ ಭಯ ಕನ್ನಡಿಗರಿಗೆ ಏಕಿದೆ ಎಂಬುದು ನನಗೂ ಗೊತ್ತು, ನಾನೂ ಕನ್ನಡಿಗನೇ. ಆದರೆ ಸಂಜ್ಞಾ ಭಾಷೆ ಕನ್ನಡವನ್ನೋ ಹಿಂದಿಯನ್ನೋ ಕೈಯಲ್ಲಿ ಬರೆದಂತಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಪ್ರಶ್ನೆಯ ಪದ ಕೊನೆಗೆ ಬರುತ್ತದೆ: ‘ನಿನ್ನ ಹೆಸರು ಏನು’. ‘ಕೊಡು’ ಎಂಬ ಸಂಜ್ಞೆಯ ಕೈ ನನ್ನಿಂದ ನಿಮ್ಮ ಕಡೆಗೆ ಚಲಿಸಿದರೆ ‘ನಾನು ನಿಮಗೆ ಕೊಟ್ಟೆ’, ಅದೇ ಕೈ ನಿಮ್ಮ ಕಡೆಯಿಂದ ನನ್ನತ್ತ ಬಂದರೆ ‘ನೀವು ನನಗೆ ಕೊಟ್ಟಿರಿ’. ‘ಕೊಟ್ಟಳು’ ಎಂದರೆ ಕೊಟ್ಟವಳು ಹೆಂಗಸು ಎಂದು ಕ್ರಿಯಾಪದದ ತುದಿಯಲ್ಲೇ ಕನ್ನಡ ಹೇಳುವುದಿಲ್ಲವೇ, ಹಾಗೆ ಇಲ್ಲಿ ಚಲನೆಯೇ ಹೇಳುತ್ತದೆ. ಹುಬ್ಬು ಏರಿಸುವುದು, ತಲೆ ಅಲ್ಲಾಡಿಸುವುದು ಕೂಡ ವ್ಯಾಕರಣದ ಭಾಗವೇ.

ಊರಿಂದೂರಿಗೆ ಪದಗಳು ಬೇರೆಯಾಗುತ್ತವೆ, ನಿಮ್ಮ ಕೋಲಾರದ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವ ಹಾಗೆ. ವ್ಯಾಕರಣ ಬಹುಮಟ್ಟಿಗೆ ಒಂದೇ. 2021ರಲ್ಲಿ ಹೊರಬಂದ ಸಂಜ್ಞಾ ನಿಘಂಟಿನ ಮೂರನೇ ಆವೃತ್ತಿಯಲ್ಲಿ 10,000 ಪದಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶದಾದ್ಯಂತ ಸಂಜ್ಞಾ ಭಾಷೆಯನ್ನು ಪ್ರಮಾಣೀಕರಿಸುವ ಮಾತಿನ ಜೊತೆಗೇ, ಸ್ಥಳೀಯ ಸಂಜ್ಞೆಗಳನ್ನು ಗೌರವಿಸಿ ಸಾಧ್ಯವಿರುವಲ್ಲಿ ಕಲಿಸಬೇಕೆಂದೂ ಹೇಳಿದೆ. ಆ ಎರಡನೆಯ ವಾಕ್ಯವನ್ನು ಕರ್ನಾಟಕ ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಫಿಲೇಚರ್ ಅಪ್ಪ, ಶಿಡ್ಲಘಟ್ಟ

ಇದನ್ನು ಓದುವಾಗ ದನದ ಜಾತ್ರೆಗಳ ನೆನಪಾಯಿತು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಮ್ಮ ತಂದೆ ನನಗೆ ಕಲಿಸಿದ್ದರು. ಒಂದು ಮಾತಿಲ್ಲದೆ ಸಾವಿರಾರು ರೂಪಾಯಿಯ ವ್ಯಾಪಾರ ಮುಗಿಯುತ್ತಿತ್ತು. ಎತ್ತಿನ ಬೆಲೆಗಾಗಿ ಬೆರಳಿನ ಭಾಷೆ ಕಲಿತ ನಾನು ಮಗಳಿಗಾಗಿ ಕಲಿಯಲಿಲ್ಲ.

ಗ್ರಾಮ ಪುನರ್ವಸತಿ, ಬಾಗೇಪಲ್ಲಿ

ನಾನು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪಂಚಾಯಿತಿ ತನ್ನ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು. ಆ ಹಣ ತ್ರಿಚಕ್ರ ವಾಹನಕ್ಕೋ, ಸಲಕರಣೆಗೋ ಹೋಗುತ್ತದೆ. ಅದು ತಪ್ಪೆಂದು ಹೇಳಲಾರೆ. ಆದರೆ ಕಿವುಡರ ಪಾಲು ಎಲ್ಲೂ ಕಾಣಿಸುವುದಿಲ್ಲ. ಗ್ರಾಮಸಭೆಗೆ ಅವರು ಬಂದರೂ ಹಿಂದಿನ ಕಂಬಕ್ಕೆ ಒರಗಿ ನಿಂತು, ಎಲ್ಲರೂ ಎದ್ದಾಗ ಎದ್ದು ಹೋಗುತ್ತಾರೆ. ಕಾರ್ಯಕರ್ತನಾದ ನನಗೇ ಸಂಜ್ಞಾ ಭಾಷೆ ಬರುವುದಿಲ್ಲ. ಆ ಹಣದಲ್ಲಿ ವರ್ಷಕ್ಕೊಮ್ಮೆಯಾದರೂ ಕಿವುಡರ ಕುಟುಂಬಗಳಿಗೆ ಸಂಜ್ಞಾ ಭಾಷೆಯ ತರಗತಿ ನಡೆಸಲು ಸಾಧ್ಯವೇ ಎಂದು ಕೇಳಲು ನಾನು ಸಿದ್ಧ. ಮೊದಲ ವಿದ್ಯಾರ್ಥಿ ನಾನೇ ಆಗುತ್ತೇನೆ.

ರೇಷ್ಮೆನೂಲು, ಶಿಡ್ಲಘಟ್ಟ

ಮೇಲೆ ಬರೆದಿರುವ ಅಪ್ಪನ ಮಗಳು ನಾನು. ಗೆಳತಿಯೊಬ್ಬಳು ತೋರಿಸಿದ ಮೇಲೆ ಎಲ್ಲವನ್ನೂ ಓದಿದೆ. ಅಪ್ಪ ಬರೆದಿರುವುದರಲ್ಲಿ ಎರಡು ತಪ್ಪುಗಳಿವೆ.

ಒಂದು, ಅನುಸೂಚಿ ಮೊದಲು ಎಂದು ನಾನು ಹೇಳಲಿಲ್ಲ. ಒಂದೇ ಮನವಿಯಲ್ಲಿ ಎರಡನ್ನೂ ಬರೆಯೋಣ ಎಂದೆ. ಅಪ್ಪ ಮೊದಲನೆಯದನ್ನು ನೋಡಿ ಎರಡನೆಯದನ್ನು ನೋಡುವ ಮೊದಲೇ ಫೋನ್ ಬಂತೆಂದು ಎದ್ದು ಹೋದರು.

ಎರಡು, ಆಸ್ಪತ್ರೆಯಲ್ಲಿ ತಪ್ಪಾದದ್ದು ಮೂರು ದಿನ, ಮೂರು ವಾರ ಎಂಬುದು ಮಾತ್ರವಲ್ಲ. ನನಗೆ ಮುಟ್ಟಿನಲ್ಲಿಯೂ ತೊಂದರೆ ಇತ್ತು. ಅದನ್ನು ಅಪ್ಪನ ಕೈಯಿಂದ ವೈದ್ಯರಿಗೆ ಹೇಳಿಸಲು ನನಗೆ ಆಗಲಿಲ್ಲ. ನನ್ನ ವಯಸ್ಸಿನ ಕಿವಿ ಕೇಳುವ ಹುಡುಗಿ ತಂದೆಯನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋಗಿ ಹೇಳುತ್ತಾಳೆ. ನಾನು ಚೀಟಿಯಲ್ಲಿ ಬರೆದೆ, ವೈದ್ಯರು ಅದನ್ನು ಓದದೆ ಅಪ್ಪನ ಕೈಗೆ ಕೊಟ್ಟರು. ಆದ್ದರಿಂದ ನನಗೆ ಬೇಕಾಗಿರುವುದು ನನ್ನ ಗುಟ್ಟನ್ನು ಕಾಯುವ, ತರಬೇತಿ ಪಡೆದ ದುಭಾಷಿ. ಹೆಣ್ಣುಮಕ್ಕಳಿಗೆ ಹೆಂಗಸರೇ ಆಗಿರಬೇಕು. ಮನೆಯವರು ಕಲಿಯಬೇಕಾದದ್ದು ಆಸ್ಪತ್ರೆಗಾಗಿ ಅಲ್ಲ, ನನ್ನೊಡನೆ ಮಾತನಾಡಲು.

ಸೆಪ್ಟೆಂಬರ್ 23ನ್ನು ಯಾಕೆ ಆರಿಸಿಕೊಂಡಿದ್ದೇವೆ ಎಂದರೆ 1951ರಲ್ಲಿ ವಿಶ್ವ ಕಿವುಡರ ಒಕ್ಕೂಟ ಹುಟ್ಟಿದ ದಿನ ಅದು. ಅಂದು ಮಾತನಾಡುವವರು ನಾವೇ ಆಗಿರಬೇಕು.

ಕಪ್ಪುಕೋಟು, ಚಿಂತಾಮಣಿ

ತಂಗಿ, ನೀನು ಬರೆದದ್ದು ಠಾಣೆಗೂ ಅನ್ವಯಿಸುತ್ತದೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ವಿಕಲಚೇತನ ಮಹಿಳೆಯ ದೂರನ್ನು ಅವಳ ಮನೆಯಲ್ಲೋ ಅವಳು ಬಯಸಿದ ಸ್ಥಳದಲ್ಲೋ ದುಭಾಷಿಯ ಸಮ್ಮುಖದಲ್ಲಿ ದಾಖಲಿಸಿಕೊಂಡು ವಿಡಿಯೊ ಮಾಡಬೇಕೆಂದು ಕಾನೂನಿದೆ. ಮಾತನಾಡಲಾಗದ ಸಾಕ್ಷಿ ಸಂಜ್ಞೆಯಲ್ಲಿ ಹೇಳಿದ್ದನ್ನೂ ನ್ಯಾಯಾಲಯ ಬಾಯಿಮಾತಿನ ಸಾಕ್ಷ್ಯವೆಂದೇ ಪರಿಗಣಿಸುತ್ತದೆ. ದುಭಾಷಿಗಳ ಪಟ್ಟಿಯೇ ಜಿಲ್ಲೆಯಲ್ಲಿ ಇಲ್ಲದಿದ್ದರೆ ಅಂಥ ಹೆಣ್ಣುಮಗಳ ಮಾತನ್ನು ಆರೋಪಿಯ ಸಂಬಂಧಿಕನೇ ಅನುವಾದಿಸುವ ಅಪಾಯವಿದೆ. ನಿಮ್ಮ ಮನವಿಯಲ್ಲಿ ‘ಜಿಲ್ಲಾ ಮಟ್ಟದ ದುಭಾಷಿಗಳ ಪಟ್ಟಿ, ಆಸ್ಪತ್ರೆ, ಠಾಣೆ ಮತ್ತು ನ್ಯಾಯಾಲಯಗಳಿಗೆ’ ಎಂದು ಸ್ಪಷ್ಟವಾಗಿ ಸೇರಿಸಿ. ಕರಡನ್ನು ನನಗೆ ಕಳುಹಿಸಿದರೆ ಕಲಂಗಳ ಸಂಖ್ಯೆಯನ್ನು ಹಾಕಿಕೊಡುತ್ತೇನೆ, ಭಾಷೆಯನ್ನು ಮುಟ್ಟುವುದಿಲ್ಲ.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ಮಗು, ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮೂವತ್ತು ವರ್ಷ ಪಾಠ ಮಾಡಿದೆ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಕಿವುಡ ಹುಡುಗ ಎರಡು ವರ್ಷ ಕುಳಿತಿದ್ದ. ಬೋರ್ಡಿನ ಮೇಲಿರುವುದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡುತ್ತಿದ್ದ. ನಾನು ಅವನ ಪುಸ್ತಕಕ್ಕೆ ‘ಉತ್ತಮ’ ಎಂದು ಬರೆದು ಕೊಡುತ್ತಿದ್ದೆ. ಅದರಲ್ಲಿ ಒಂದು ವಾಕ್ಯವಾದರೂ ಅವನಿಗೆ ಅರ್ಥವಾಗಿತ್ತೇ ಎಂದು ಕೇಳುವ ಭಾಷೆ ನನ್ನಲ್ಲಿರಲಿಲ್ಲ. ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು, ಕಿವುಡ ಶಿಕ್ಷಕರನ್ನೂ ಸೇರಿಸಿ, ನೇಮಿಸಬೇಕೆಂದು 2016ರ ಕಾಯ್ದೆಯ 17ನೇ ಕಲಂ ಹೇಳುತ್ತದೆಂದು ಈಗ ಓದಿ ತಿಳಿದುಕೊಂಡೆ. ನಿಮ್ಮ ಮನವಿಯಲ್ಲಿ ಅದಕ್ಕೊಂದು ಸಾಲು ಇರಲಿ, ನನ್ನ ಸಹಿಯೂ ಇರಲಿ.

ಮಾವಿನತೋಪು, ಶ್ರೀನಿವಾಸಪುರ

ಖರ್ಚಿನ ಬಗ್ಗೆ ನನ್ನ ಪ್ರಶ್ನೆ ಇನ್ನೂ ಉಳಿದಿದೆ, ವಿಡಿಯೊ ಕರೆಯ ಯೋಚನೆ ಒಳ್ಳೆಯದು. ಹೇರಿಕೆಯ ಬಗೆಗಿನ ಮಾತನ್ನು ಬಿಡುತ್ತೇನೆ.

ಫಿಲೇಚರ್ ಅಪ್ಪ, ಶಿಡ್ಲಘಟ್ಟ

ಮಗಳು ಬರೆದದ್ದನ್ನು ಇಲ್ಲಿಯೇ ಮೊದಲ ಸಲ ಓದಿದೆ. ಎರಡು ತಿಂಗಳು ಒಂದೇ ಮನೆಯಲ್ಲಿದ್ದರೂ ಅದು ನನಗೆ ಗೊತ್ತಿರಲಿಲ್ಲ. ಮನವಿಯಲ್ಲಿ ಎರಡೂ ಇರುತ್ತವೆ. ಅದನ್ನು ಬರೆಯುವವರೂ ಕೊಡುವವರೂ ಅವಳು ಮತ್ತು ಅವಳ ಗೆಳತಿಯರು. ಭಾನುವಾರ ಫಿಲೇಚರ್‌ಗೆ ರಜೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮುಂದಿನ ಹಜಾರದಲ್ಲಿ ಅವಳು ಕಲಿಸುತ್ತಾಳಂತೆ. ನಮ್ಮ ಮನೆಯವರು ಆರು ಜನ ಇರುತ್ತೇವೆ, ಬಾಗೇಪಲ್ಲಿಯ ಕಾರ್ಯಕರ್ತರೂ ಬರಬಹುದು.

ನಿವೃತ್ತ ಮೇಷ್ಟ್ರು, ಗೌರಿಬಿದನೂರು

ಅರವತ್ತೆಂಟು ವರ್ಷದ ಗಂಟು ಬೆರಳುಗಳಿಗೆ ಈ ಭಾಷೆ ಬಗ್ಗುವುದಾದರೆ ನಾನೂ ಬರುತ್ತೇನೆ. ನೋಟ್ ಪುಸ್ತಕ ತರಬೇಕೇ?

ರೇಷ್ಮೆನೂಲು, ಶಿಡ್ಲಘಟ್ಟ

ಬನ್ನಿ ತಾತ. ಪುಸ್ತಕ ಬೇಡ, ಬರೆಯಲು ತಲೆ ಬಗ್ಗಿಸಿದರೆ ನನ್ನ ಕೈ ನಿಮಗೆ ಕಾಣುವುದಿಲ್ಲ. ಸಾಲಾಗಿ ಕೂರುವುದಿಲ್ಲ, ಸುತ್ತಲೂ ಕೂರುತ್ತೇವೆ. ಕಿಟಕಿಗೆ ಬೆನ್ನು ಕೊಟ್ಟು ಕೂರಬೇಡಿ, ನಿಮ್ಮ ಮುಖ ಕತ್ತಲಾಗುತ್ತದೆ.